ಕುಣಿಸುವ ಮಾತ್ರೆ, ಬಿಗಿಯುವ ರೋಗ

ಪಾರ್ಕಿನ್ಸನ್ ಎಂದರೆ ಕೈ ನಡುಕ ಎಂಬುದು ಪಿಯುಸಿಯಲ್ಲಿ ಜೀವಶಾಸ್ತ್ರ ಓದದವರಿಗೂ ಗೊತ್ತು. ಆದರೆ ಆ ಕಾಯಿಲೆ ಇರುವವರ ಮನೆಯಲ್ಲಿ ಒಂದು ವಾರ ಇದ್ದು ನೋಡಿ. ನಡುಕಕ್ಕಿಂತ ಹೆಚ್ಚು ಕಾಡುವುದು ಬಿಗಿತ ಮತ್ತು ನಿಧಾನ. ಅಂಗಿ ಗುಂಡಿ ಹಾಕಿಕೊಳ್ಳಲು ಹತ್ತು ನಿಮಿಷ ಬೇಕು. ರಾತ್ರಿ ಮಗ್ಗುಲು ಬದಲಿಸಲು ಇನ್ನೊಬ್ಬರ ಕೈ ಬೇಕು. ಹೊಸ್ತಿಲ ಹತ್ತಿರ ಬಂದರೆ ಕಾಲು ನೆಲಕ್ಕೆ ಅಂಟಿದಂತೆ ನಿಂತುಬಿಡುತ್ತದೆ. ಅಂಥ ಮನುಷ್ಯ ಮಧ್ಯಾಹ್ನ ಮೂರು ಗಂಟೆಗೆ ಕುರ್ಚಿಯಲ್ಲಿ ಕೂತಲ್ಲೇ ತಲೆ, ಭುಜ, ಕಾಲು ಎಲ್ಲವನ್ನೂ ಹೊರಳಿಸುತ್ತಾ ಕುಣಿಯತೊಡಗಿದರೆ ಏನೆಂದುಕೊಳ್ಳುತ್ತೀರಿ?

ನಮ್ಮ ಹಳೇಕೋಟೆಯಲ್ಲಿ ಮೊದಲು ಕೇಳಿದ ಮಾತು ‘ಮೈಮೇಲೆ ಏನೋ ಬಂದದೆ’ ಎಂಬುದು. ಎರಡನೆಯದು ‘ಕಾಯಿಲೆ ಜಾಸ್ತಿ ಆಗದೆ’. ಎರಡೂ ತಪ್ಪು. ಆ ಕುಣಿತ ಕಾಯಿಲೆಯದಲ್ಲ, ಕಾಯಿಲೆಗೆ ಕೊಡುವ ಮಾತ್ರೆಯದು. ವೈದ್ಯರು ಅದಕ್ಕೆ ಡಿಸ್ಕೈನೇಸಿಯಾ ಎನ್ನುತ್ತಾರೆ. ಮಾತ್ರೆ ಶುರು ಮಾಡಿದ ನಾಲ್ಕರಿಂದ ಆರು ವರ್ಷದಲ್ಲಿ ಸುಮಾರು 10ರಲ್ಲಿ 4 ಜನರಿಗೆ ಇದು ಬರುತ್ತದೆ. ನಮ್ಮ ತಾತನಿಗೆ 74 ವರ್ಷ, ಮಾತ್ರೆ ಶುರುವಾಗಿ ಆರು ವರ್ಷ. ಲೆಕ್ಕ ಸರಿಯಾಗಿಯೇ ಇದೆ. ಆ ಲೆಕ್ಕವನ್ನು ಮನೆಯವರಿಗೆ ಮೊದಲೇ ಯಾರೂ ಹೇಳಿರಲಿಲ್ಲ, ಅಷ್ಟೇ.

ನಾನು ಓದುತ್ತಿರುವುದು ಎಲೆಕ್ಟ್ರಾನಿಕ್ಸ್, ಡಾಕ್ಟರಿಕೆ ಅಲ್ಲ. ಆದರೂ ಈ ವಿಷಯ ಬರೆಯುತ್ತಿರುವುದಕ್ಕೆ ಕಾರಣವಿದೆ. ನಿಮ್ಮಲ್ಲಿ ಅನೇಕರ ಮನೆಯಲ್ಲಿ ಮಾತ್ರೆ ಪಟ್ಟಿಯ ಮೇಲಿನ ಸಣ್ಣ ಅಕ್ಷರ ಓದಬಲ್ಲವರು ನೀವೊಬ್ಬರೇ ಇರುತ್ತೀರಿ. ಬೆಂಗಳೂರು ಜಿಲ್ಲೆಯ ಹಳ್ಳಿ–ಪಟ್ಟಣಗಳಲ್ಲಿ ಒಂದು ಲಕ್ಷಕ್ಕೂ ಹೆಚ್ಚು ಜನರನ್ನು ಮನೆ ಮನೆಗೆ ಹೋಗಿ ಪರೀಕ್ಷಿಸಿದ ಸಮೀಕ್ಷೆಯೊಂದು 2004ರಲ್ಲಿ ಪ್ರಕಟವಾಯಿತು. ಅದರ ಪ್ರಕಾರ ಲಕ್ಷಕ್ಕೆ 33 ಜನರಿಗೆ ಈ ತೊಂದರೆ ಇತ್ತು. ಕಡಿಮೆ ಎನ್ನಿಸಬಹುದು. ಆದರೆ ಇದು ವಯಸ್ಸಾದವರ ಕಾಯಿಲೆ, ಮತ್ತು ನಮ್ಮ ಹಳ್ಳಿಗಳಲ್ಲಿ ಈಗ ಉಳಿದಿರುವವರೇ ವಯಸ್ಸಾದವರು.

ಕೆರೆ ಮತ್ತು ನಾಲೆ

ಮಿದುಳಿನ ಬುಡದಲ್ಲಿ ಕಪ್ಪು ಬಣ್ಣದ ಒಂದು ಸಣ್ಣ ಪಟ್ಟಿ ಇದೆ. ಅಲ್ಲಿನ ನರಕೋಶಗಳು ಡೋಪಮೈನ್ ಎಂಬ ರಾಸಾಯನಿಕ ತಯಾರಿಸುತ್ತವೆ. ನಮ್ಮ ಚಲನೆ ಸಲೀಸಾಗಿರಲು ಅದು ಬೇಕು. ಪಾರ್ಕಿನ್ಸನ್‌ನಲ್ಲಿ ಈ ಕೋಶಗಳು ಸಾಯುತ್ತಾ ಹೋಗುತ್ತವೆ. ಮೊದಲ ಲಕ್ಷಣ ಕಣ್ಣಿಗೆ ಬೀಳುವ ಹೊತ್ತಿಗೆ ಸುಮಾರು ಅರ್ಧದಷ್ಟು ಹೋಗಿಯಾಗಿರುತ್ತದೆ.

ಹಾಗಾದರೆ ಡೋಪಮೈನನ್ನೇ ಮಾತ್ರೆ ಮಾಡಿ ಕೊಡಬಾರದೆ? ಆಗದು. ರಕ್ತದಿಂದ ಮಿದುಳಿಗೆ ಹೋಗುವ ದಾರಿಯಲ್ಲಿ ಒಂದು ಗಟ್ಟಿ ತಡೆಗೋಡೆ ಇದೆ. ಡೋಪಮೈನ್ ಅದನ್ನು ದಾಟಲಾರದು. ಅದರ ಹಿಂದಿನ ರೂಪವಾದ ಲೆವೊಡೋಪಾ ದಾಟುತ್ತದೆ. ದಾಟಿದ ಮೇಲೆ ಅಲ್ಲಿ ಡೋಪಮೈನ್ ಆಗಿ ಬದಲಾಗುತ್ತದೆ. 1961ರಲ್ಲಿ ವಿಯೆನ್ನಾದಲ್ಲಿ ಬಿರ್ಕ್‌ಮಾಯರ್ ಮತ್ತು ಹಾರ್ನಿಕೀವಿಚ್ ಇದನ್ನು ಮೊದಲು ಸೂಜಿ ಮೂಲಕ ರೋಗಿಗಳಿಗೆ ಕೊಟ್ಟು, ಹಾಸಿಗೆ ಹಿಡಿದಿದ್ದವರು ಎದ್ದು ಓಡಾಡುವುದನ್ನು ಕಂಡರು. 1967ರಲ್ಲಿ ಅಮೆರಿಕದ ಕೊಟ್ಜಿಯಾಸ್ ಸ್ವಲ್ಪ ಸ್ವಲ್ಪವೇ ಏರಿಸುತ್ತಾ ಬಾಯಿಂದ ಹೆಚ್ಚಿನ ಪ್ರಮಾಣ ಕೊಡುವ ವಿಧಾನ ಕಂಡುಕೊಂಡರು. ಕೈಕಾಲು ತಾನಾಗಿ ಕುಣಿಯುತ್ತದೆ ಎಂಬುದನ್ನು ಎರಡೇ ವರ್ಷದಲ್ಲಿ ವರದಿ ಮಾಡಿದ್ದೂ ಅವರ ತಂಡವೇ. ಅಂದರೆ ಔಷಧಕ್ಕೂ ಅದರ ಕುಣಿತಕ್ಕೂ ಹೆಚ್ಚುಕಡಿಮೆ ಒಂದೇ ವಯಸ್ಸು.

ಈ ಕಥೆಯ ಇನ್ನೊಂದು ಬೇರು ನಮ್ಮ ನೆಲದಲ್ಲೇ ಇದೆ. ಸರ್ಪಗಂಧದ ಬೇರಿನಿಂದ ತೆಗೆದ ರೆಸರ್ಪಿನ್ ಕೊಟ್ಟು ಸ್ವೀಡನ್ನಿನ ಅರ್ವಿಡ್ ಕಾರ್ಲ್‌ಸನ್ ಮೊಲಗಳನ್ನು ಕಲ್ಲಿನಂತೆ ನಿಶ್ಚಲ ಮಾಡಿದರು. ಆಮೇಲೆ ಡೋಪಾ ಕೊಟ್ಟಾಗ ಅವು ಕಿವಿ ನಿಮಿರಿಸಿ ಎದ್ದವು. ಅದು 1957. ಅವರಿಗೆ ನೊಬೆಲ್ ಬಂದದ್ದು 2000ದಲ್ಲಿ.

ಇನ್ನು ಕುಣಿತ ಏಕೆ? ಇದನ್ನು ತಾತನಿಗೆ ಹೇಳಲು ನಾನು ಬಳಸಿದ್ದು ಕೆರೆಯ ಉದಾಹರಣೆ. ಕೆರೆ ಅಚ್ಚುಕಟ್ಟಿನ ಗದ್ದೆಗೆ ಮಳೆ ಯಾವಾಗ ಬಂದರೂ ಚಿಂತೆಯಿಲ್ಲ. ಕೆರೆ ತುಂಬಿಕೊಂಡು ತೂಬಿನಿಂದ ಬೇಕಾದಷ್ಟೇ ಬಿಡುತ್ತದೆ. ಕೆರೆ ಹೂಳು ತುಂಬಿ ಬತ್ತಿದರೆ ನಾಲೆಯ ಸರದಿ ನೀರೇ ಗತಿ. ಬಿಟ್ಟ ದಿನ ಬದು ಒಡೆಯುವಷ್ಟು, ಬಿಡದ ದಿನ ನೆಲ ಬಿರಿಯುವಷ್ಟು. ಕಾಯಿಲೆಯ ಮೊದಲ ವರ್ಷಗಳಲ್ಲಿ ಉಳಿದ ನರಕೋಶಗಳೇ ಕೆರೆ. ಮಾತ್ರೆಯಿಂದ ಬಂದದ್ದನ್ನು ತುಂಬಿಟ್ಟುಕೊಂಡು ನಿಧಾನವಾಗಿ ಬಿಡುತ್ತವೆ. ಆಗ ದಿನಕ್ಕೆ ಮೂರು ಮಾತ್ರೆ ಸಾಕು, ಹೊತ್ತು ಹೆಚ್ಚುಕಡಿಮೆಯಾದರೂ ನಡೆಯುತ್ತದೆ. ವರ್ಷ ಕಳೆದಂತೆ ಕೋಶಗಳು ಇನ್ನೂ ಸಾಯುತ್ತವೆ, ಕೆರೆ ಬತ್ತುತ್ತದೆ. ಆಮೇಲೆ ರಕ್ತದಲ್ಲಿ ಲೆವೊಡೋಪಾ ಏರಿದಾಗ ಮೈ ಕುಣಿಯುತ್ತದೆ, ಇಳಿದಾಗ ಬಿಗಿಯುತ್ತದೆ. ಆ ಏರಿಳಿತಕ್ಕೆ ವರ್ಷಗಟ್ಟಲೆ ಒಗ್ಗಿದ ಮಿದುಳಿನ ಇತರ ಭಾಗಗಳೂ ಅತಿಸೂಕ್ಷ್ಮವಾಗಿಬಿಡುತ್ತವೆ.

ಲೆವೊಡೋಪಾ ರಕ್ತದಲ್ಲಿ ಉಳಿಯುವ ಕಾಲ ಬಹಳ ಕಡಿಮೆ. ಜೊತೆಗೆ ಕಾರ್ಬಿಡೋಪಾ ಇದ್ದರೂ ಸುಮಾರು ಒಂದೂವರೆ ಗಂಟೆಗೆ ಅರ್ಧವಾಗುತ್ತದೆ. ಲೆಕ್ಕ ಹಾಕಿ: ಒಂದೂವರೆ ಗಂಟೆಗೆ ಅರ್ಧ, ಮೂರಕ್ಕೆ ಕಾಲು, ಆರಕ್ಕೆ ಹದಿನಾರರಲ್ಲಿ ಒಂದು. ಆರು ಗಂಟೆಗೊಂದು ಮಾತ್ರೆ ಕೊಟ್ಟರೆ ರಕ್ತದಲ್ಲಿ ಗುಡ್ಡ, ಕಣಿವೆ, ಗುಡ್ಡ, ಕಣಿವೆ. ಎಲೆಕ್ಟ್ರಾನಿಕ್ಸ್ ಗೆಳೆಯರಿಗೆ ಒಂದೇ ಮಾತಿನಲ್ಲಿ ಹೇಳಬಹುದು: ಫಿಲ್ಟರ್ ಕೆಪಾಸಿಟರ್ ಕಿತ್ತುಹಾಕಿದ ರೆಕ್ಟಿಫೈಯರ್. ಮೂರನೇ ಸೆಮಿಸ್ಟರ್ ಲ್ಯಾಬಿನಲ್ಲಿ ಆಸಿಲೋಸ್ಕೋಪ್ ಮೇಲೆ ಕಂಡ ಅದೇ ಅಲೆ ನಮ್ಮ ಮನೆಯ ಪಡಸಾಲೆಯಲ್ಲಿ ಕಾಣುತ್ತಿತ್ತು.

ಡಬ್ಬಿಯಲ್ಲಿದ್ದ ಪುಡಿ

ಕಳೆದ ವರ್ಷ ನಮ್ಮ ಮನೆಯಲ್ಲಿ ನಡೆದದ್ದನ್ನು ಇಲ್ಲಿ ಹೇಳಲೇಬೇಕು. ನಾನು ಆಗ ಹಾಸನದಲ್ಲಿ ಹಾಸ್ಟೆಲಿನಲ್ಲಿದ್ದೆ, ಪರೀಕ್ಷೆ ನಡೆಯುತ್ತಿತ್ತು. ತಾತನಿಗೆ ಆಗ ದಿನಕ್ಕೆ ಮೂರು ಮಾತ್ರೆ, ಒಂದೊಂದರಲ್ಲೂ 250 ಮಿ.ಗ್ರಾಂ ಲೆವೊಡೋಪಾ, 25 ಮಿ.ಗ್ರಾಂ ಕಾರ್ಬಿಡೋಪಾ. ನೆಂಟರೊಬ್ಬರು ‘ಇಂಗ್ಲಿಷ್ ಔಷಧಿಯಂಗೆ ಸೈಡ್ ಎಫೆಕ್ಟ್ ಇಲ್ಲ, ಗಿಡಮೂಲಿಕೆ’ ಎಂದು ಒಂದು ಡಬ್ಬಿ ಪುಡಿ ತಂದುಕೊಟ್ಟರು. ಅಜ್ಜಿ ಬೆಳಿಗ್ಗೆ, ರಾತ್ರಿ ಒಂದೊಂದು ಚಮಚ ಹಾಲಿಗೆ ಹಾಕಿ ಕೊಡತೊಡಗಿದರು. ಮಾತ್ರೆಯೂ ನಡೆಯುತ್ತಿತ್ತು. ಮೊದಲ ಎರಡು ದಿನ ತಾತ ಚುರುಕಾದರು. ಆಮೇಲೆ ಕುಣಿತ ಎಷ್ಟು ಹೆಚ್ಚಾಯಿತೆಂದರೆ ಊಟದ ತಟ್ಟೆ ಕೈಯಲ್ಲಿ ನಿಲ್ಲುತ್ತಿರಲಿಲ್ಲ, ಮಂಚದಿಂದ ಒಮ್ಮೆ ಬಿದ್ದರು. ಚಿಕ್ಕಪ್ಪ ತೀರ್ಪು ಕೊಟ್ಟರು: ‘ಈ ಮಾತ್ರೆನೇ ಮುದುಕುನ್ನ ಕುಣಿಸ್ತಾ ಇರೋದು. ನಿಲ್ಸಿ.’ ಮಾತ್ರೆ ನಿಂತಿತು. ಪುಡಿ ಮುಂದುವರಿಯಿತು.

ಮೂರನೇ ದಿನಕ್ಕೆ ತಾತ ಮರದ ಕೊರಡಿನಂತೆ ಬಿಗಿದರು. ಜ್ವರ, ಬೆವರು, ಮಾತು ತೊದಲು, ಮೂತ್ರ ಕಪ್ಪುಗಂದು ಬಣ್ಣ. ಆಸ್ಪತ್ರೆಗೆ ಸೇರಿಸಿದಾಗ ರಕ್ತದಲ್ಲಿ ಸಿಪಿಕೆ ಎಂಬ ಅಂಶ ನೋಡಿದರು. ಅದು ಸ್ನಾಯುಗಳೊಳಗೆ ಇರುವ ಕಿಣ್ವ. ಸ್ನಾಯು ಬಿಗಿದು ಹಾಳಾದಾಗ ರಕ್ತಕ್ಕೆ ಸೋರುತ್ತದೆ. ಸಾಮಾನ್ಯವಾಗಿ 200ರ ಆಸುಪಾಸಿನೊಳಗೆ ಇರಬೇಕಾದದ್ದು ತಾತನಲ್ಲಿ ಸಾವಿರಗಳಲ್ಲಿತ್ತು. ಸೋರಿದ್ದೆಲ್ಲ ಮೂತ್ರಪಿಂಡದ ಮೂಲಕ ಹೋಗಬೇಕು, ಹಾಗಾಗಿ ಮೂತ್ರಪಿಂಡಕ್ಕೂ ಅಪಾಯ. ಲೆವೊಡೋಪಾವನ್ನು ಒಮ್ಮೆಲೇ ನಿಲ್ಲಿಸಿದರೆ ಹೀಗಾಗಬಹುದು, ಪ್ರಾಣವೂ ಹೋಗಬಹುದು ಎಂದು ಅಲ್ಲಿನ ವೈದ್ಯರು ಹೇಳಿದರು. ಸಲೈನ್ ಹಾಕಿ, ಮೂಗಿನ ನಳಿಕೆಯಲ್ಲಿ ಅದೇ ಮಾತ್ರೆಯನ್ನು ಮತ್ತೆ ಶುರು ಮಾಡಿ ಒಂಬತ್ತು ದಿನ ಇಟ್ಟುಕೊಂಡರು.

‘ಬೇರೆ ಏನಾದ್ರೂ ಕೊಡ್ತಿದ್ರಾ ಅಜ್ಜಿ?’ ಎಂದು ಕೇಳಿದ್ದು ಅಲ್ಲಿದ್ದ ಕಿರಿಯ ವೈದ್ಯೆ. ಅಜ್ಜಿ ಸೆರಗಿನ ಗಂಟಿನಿಂದ ತೆಗೆದಂತೆ ಚೀಲದಿಂದ ಡಬ್ಬಿ ತೆಗೆದರು. ಅದರ ಮೇಲೆ ಬರೆದಿದ್ದು: ನಸುಗುನ್ನಿ ಬೀಜದ ಚೂರ್ಣ.

ನಸುಗುನ್ನಿ ಯಾರಿಗೆ ಗೊತ್ತಿಲ್ಲ! ಬೇಲಿ ಮೇಲೆ ಹಬ್ಬಿ, ರೋಮ ತಾಗಿದರೆ ಮೈಯೆಲ್ಲಾ ತುರಿಸುವ ಬಳ್ಳಿ. ಶಾಲೆಯಲ್ಲಿ ಮುಂದಿನ ಬೆಂಚಿನವನ ಕಾಲರಿಗೆ ಅದನ್ನು ಉದುರಿಸಿದವರು ನಮ್ಮಲ್ಲಿ ಬೇಕಾದಷ್ಟು ಜನರಿದ್ದಾರೆ. ಅದರ ಬೀಜದಲ್ಲಿರುವುದು ಲೆವೊಡೋಪಾ, ಮಾತ್ರೆಯಲ್ಲಿರುವ ಅದೇ ಅಣು. ಇದನ್ನು ಕಂಡುಹಿಡಿದವರು ದೂರದವರಲ್ಲ. 1937ರಲ್ಲಿ ಮದ್ರಾಸಿನ ದಾಮೋದರನ್ ಮತ್ತು ರಾಮಸ್ವಾಮಿ ಈ ಬೀಜದಿಂದ ಅದನ್ನು ಬೇರ್ಪಡಿಸಿದರು. ಆಗ ಅದು ಯಾವ ಕಾಯಿಲೆಗೆ ಆಗಿಬರುತ್ತದೆಂದು ಜಗತ್ತಿನಲ್ಲಿ ಯಾರಿಗೂ ಗೊತ್ತಿರಲಿಲ್ಲ. ಒಣಬೀಜದ ತೂಕದಲ್ಲಿ ನೂರಕ್ಕೆ ನಾಲ್ಕರಿಂದ ಆರು ಪಾಲು ಲೆವೊಡೋಪಾ ಇರಬಹುದು, ತಳಿಯ ಮೇಲೆ ಹೆಚ್ಚುಕಡಿಮೆ. ಐದು ಗ್ರಾಂ ಹಿಡಿಯುವ ಒಂದು ಚಮಚಕ್ಕೆ 200ರಿಂದ 300 ಮಿ.ಗ್ರಾಂ. ಅಂದರೆ ಅಜ್ಜಿ ಹಾಲಿಗೆ ಹಾಕುತ್ತಿದ್ದದ್ದು ಯಾರೂ ಬರೆದುಕೊಡದ ಇನ್ನೂ ಎರಡು ಮಾತ್ರೆ.

ಹಾಗಿದ್ದರೆ ಮಾತ್ರೆ ನಿಲ್ಲಿಸಿ ಪುಡಿ ಮುಂದುವರಿಸಿದಾಗ ತಾತ ಬಿಗಿದದ್ದೇಕೆ? ಇಲ್ಲಿದೆ ಇಡೀ ಪ್ರಕರಣದ ಗುಟ್ಟು. ಲೆವೊಡೋಪಾ ಒಂದನ್ನೇ ನುಂಗಿದರೆ ಹೆಚ್ಚಿನ ಪಾಲು ಕರುಳಿನಲ್ಲಿ, ರಕ್ತದಲ್ಲೇ ಡೋಪಮೈನ್ ಆಗಿಬಿಡುತ್ತದೆ. ಮಿದುಳು ಮುಟ್ಟುವುದು ನೂರಕ್ಕೆ ಒಂದು ಪಾಲಿನಷ್ಟು. ಹೊರಗೆ ಉಳಿದ ಡೋಪಮೈನ್ ವಾಂತಿ ತರಿಸುತ್ತದೆ, ರಕ್ತದೊತ್ತಡ ಏರುಪೇರು ಮಾಡುತ್ತದೆ. ಕಾರ್ಬಿಡೋಪಾ ಮಿದುಳೊಳಗೆ ಹೋಗದೆ ಹೊರಗೇ ನಿಂತು ಈ ಸೋರಿಕೆಯನ್ನು ತಡೆಯುವ ಕಾವಲುಗಾರ. ಅದು ಸೇರಿದ ಮೇಲೆ ಲೆವೊಡೋಪಾದ ಪ್ರಮಾಣವನ್ನು ಮುಕ್ಕಾಲು ಪಾಲು ಇಳಿಸಬಹುದಾಯಿತು. ಅಮೆರಿಕದಲ್ಲಿ ಈ ಜೋಡಿ ಮಾತ್ರೆಗೆ ಸಿನೆಮೆಟ್ ಎಂದು ಹೆಸರಿಟ್ಟರು. ಲ್ಯಾಟಿನ್‌ನಲ್ಲಿ ಅದರ ಮೂಲ ‘ವಾಂತಿ ಇಲ್ಲದೆ’ ಎಂಬ ಅರ್ಥದ ಮಾತು.

ಈಗ ಕೂಡಿಸಿ ನೋಡಿ. ಮಾತ್ರೆ ಜೊತೆ ಪುಡಿ ಕೊಟ್ಟಾಗ ಮಾತ್ರೆಯ ಕಾವಲುಗಾರ ಪುಡಿಯ ಲೆವೊಡೋಪಾವನ್ನೂ ಕಾಪಾಡಿ ಮಿದುಳಿಗೆ ಕಳಿಸಿದ. ಕುಣಿತ ಏರಿತು. ಮಾತ್ರೆ ನಿಂತಾಗ ಕಾವಲುಗಾರನೂ ಹೋದ, ಪುಡಿಯದೆಲ್ಲ ದಾರಿಯಲ್ಲೇ ಸೋರಿತು. ತಾತ ಬಿಗಿದರು. ಮನೆಯವರಿಗೆ ಕಂಡದ್ದು ಇದಕ್ಕೆ ತಿರುಗುಮುರುಗು: ‘ಮಾತ್ರೆಯಿಂದ ಕುಣಿತ, ಮಾತ್ರೆ ನಿಲ್ಲಿಸಿದ್ದಕ್ಕೆ ಕಾಯಿಲೆ ಸಿಟ್ಟಾಯಿತು.’

ನಸುಗುನ್ನಿಯನ್ನು ನಾನು ಹಳಿಯುತ್ತಿಲ್ಲ. ಲಂಡನ್ನಿನಲ್ಲಿ ಎಂಟು ರೋಗಿಗಳ ಮೇಲೆ ನಡೆದು 2004ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ 30 ಗ್ರಾಂ ನಸುಗುನ್ನಿ ಸಾಮಾನ್ಯ ಮಾತ್ರೆಗಿಂತ ಬೇಗ ಕೆಲಸ ಶುರು ಮಾಡಿತು, ಹೆಚ್ಚು ಹೊತ್ತು ಉಳಿಯಿತು, ಕುಣಿತವನ್ನೂ ಹೆಚ್ಚಿಸಲಿಲ್ಲ. ಮಾತ್ರೆ ಕೊಳ್ಳಲಾಗದ ದೇಶಗಳಿಗೆ ಇದು ಆಸರೆಯಾದೀತೆ ಎಂದು ಗಂಭೀರವಾಗಿ ಯೋಚಿಸುವವರಿದ್ದಾರೆ. ನನ್ನ ತಕರಾರು ‘ಗಿಡಮೂಲಿಕೆ, ಆದ್ದರಿಂದ ಅಡ್ಡಪರಿಣಾಮ ಇಲ್ಲ’ ಎಂಬ ಒಂದು ವಾಕ್ಯದ ಬಗ್ಗೆ. ಕೆಲಸ ಮಾಡುವ ಅಣು ಒಂದೇ ಆದರೆ ಕುಣಿಸುವ ಅಣುವೂ ಅದೇ. ಅಳತೆ ಬರೆದ ಚೀಟಿ ಮಾತ್ರೆಗಿದೆ, ಡಬ್ಬಿಗೆ ಇರಲಿಲ್ಲ.

ಹುರುಳಿಸಾರಿನ ಪೈಪೋಟಿ

ಆಸ್ಪತ್ರೆಯಿಂದ ಬಂದ ಮೇಲೆ ನಾನು ಹದಿನೈದು ದಿನ ರಜೆಯಲ್ಲಿ ಮನೆಯಲ್ಲಿದ್ದೆ. ಅರ್ಧ ಗಂಟೆಗೊಮ್ಮೆ ತಾತನ ಸ್ಥಿತಿಯನ್ನು ಒಂದು ಅಂಕಿಯಾಗಿ ಬರೆದೆ. ಪೂರಾ ಬಿಗಿದಿದ್ದರೆ ಮೈನಸ್ 2, ಸಲೀಸಿದ್ದರೆ ಸೊನ್ನೆ, ಜೋರು ಕುಣಿತಕ್ಕೆ ಪ್ಲಸ್ 2. ಪಕ್ಕದಲ್ಲಿ ಮಾತ್ರೆ ನುಂಗಿದ ಹೊತ್ತು, ಏನು ತಿಂದರು ಎಂಬುದು. ಗ್ರಾಫ್ ಹಾಳೆಯಲ್ಲಿ ಗೆರೆ ಎಳೆದಾಗ ಒಂದು ವಿಚಿತ್ರ ಕಂಡಿತು. ಬೆಳಿಗ್ಗೆ ಎಂಟರ ಮಾತ್ರೆ ಹತ್ತೂವರೆಯಾದರೂ ಹತ್ತುತ್ತಲೇ ಇರಲಿಲ್ಲ. ಮಧ್ಯಾಹ್ನ ಎರಡರದ್ದು ಮುಕ್ಕಾಲು ಗಂಟೆಯಲ್ಲೇ ಪ್ಲಸ್ 2 ಮುಟ್ಟಿಸಿ ಐದಕ್ಕೆ ಮೈನಸ್‌ಗೆ ಬೀಳಿಸುತ್ತಿತ್ತು. ಒಂದೇ ಬಣ್ಣ, ಒಂದೇ ಅಳತೆಯ ಮಾತ್ರೆ.

ಬೆಂಗಳೂರಿನ ನರರೋಗ ತಜ್ಞರು ಆ ಹಾಳೆ ನೋಡಿ ಕೇಳಿದ್ದು ಒಂದೇ ಪ್ರಶ್ನೆ: ‘ಬೆಳಿಗ್ಗೆ ಮಾತ್ರೆ ಯಾವುದರ ಜೊತೆ?’ ಹಾಲಿನ ಜೊತೆ, ತಿಂಡಿ ಆದ ಮೇಲೆ. ಮಧ್ಯಾಹ್ನದ್ದು? ಬರೀ ಹೊಟ್ಟೆಗೆ, ನೀರಿನ ಜೊತೆ, ಊಟಕ್ಕೆ ಮುಂಚೆ.

ಲೆವೊಡೋಪಾ ಒಂದು ಅಮೈನೋ ಆಮ್ಲ. ಕರುಳಿನಿಂದ ರಕ್ತಕ್ಕೆ, ರಕ್ತದಿಂದ ಮಿದುಳಿಗೆ ಅದನ್ನು ಹೊತ್ತೊಯ್ಯುವ ವಾಹಕಗಳು ಊಟದ ಪ್ರೋಟೀನಿನಿಂದ ಬರುವ ಇತರ ದೊಡ್ಡ ಅಮೈನೋ ಆಮ್ಲಗಳನ್ನೂ ಹೊರುತ್ತವೆ. ಹೊಳೆನರಸೀಪುರದ ಬೆಳಗಿನ ಬಸ್ಸಿಗೆ ಕಾಲೇಜು ಹುಡುಗರೂ ಸಂತೆಗೆ ಹೊರಟವರೂ ಒಟ್ಟಿಗೆ ನುಗ್ಗಿದಂತೆ. ಸೀಟು ಇರುವಷ್ಟೇ. ಹಾಲು, ಮೊಟ್ಟೆ, ಮಾಂಸ, ಹುರುಳಿಕಾಳು ಸಾರು, ಅವರೆಕಾಳು ಇವೆಲ್ಲ ಪೈಪೋಟಿಗೆ ಇಳಿಯುತ್ತವೆ. ಮುದ್ದೆಗಿಂತ ಸಾರೇ ಇಲ್ಲಿ ದೊಡ್ಡ ಎದುರಾಳಿ. ಸಾಲದ್ದಕ್ಕೆ ಹೊಟ್ಟೆ ತುಂಬಿದ್ದರೆ ಜಠರದಿಂದ ಮಾತ್ರೆ ಸಣ್ಣಕರುಳಿಗೆ ಇಳಿಯುವುದೂ ತಡ.

ಹಾಗೆಂದು ಪ್ರೋಟೀನು ಬಿಡಿಸಬಾರದು. ವಯಸ್ಸಾದವರು ಮೊದಲೇ ಸೊರಗಿರುತ್ತಾರೆ. ವೈದ್ಯರು ಮಾಡಿದ್ದು ಇಷ್ಟೇ: ದೊಡ್ಡ ಮೂರು ಮಾತ್ರೆಯ ಬದಲು ಸಣ್ಣ ಐದು, ಪ್ರತಿಯೊಂದರಲ್ಲೂ 100 ಮಿ.ಗ್ರಾಂ ಲೆವೊಡೋಪಾ, 25 ಮಿ.ಗ್ರಾಂ ಕಾರ್ಬಿಡೋಪಾ. ಊಟಕ್ಕೆ ಅರ್ಧ ಗಂಟೆ ಮುಂಚೆ, ಬರೀ ನೀರಿನಲ್ಲಿ. ಕಾಳಿನ ಸಾರು, ಹಾಲು ರಾತ್ರಿಗೆ. ಜೊತೆಗೆ ಅಮಾಂಟಡಿನ್ ಎಂಬ ಇನ್ನೊಂದು ಮಾತ್ರೆ. ಅದು ಮೂಲತಃ ಫ್ಲೂ ಔಷಧ. 1968ರಲ್ಲಿ ಅಮೆರಿಕದ ಒಬ್ಬ ಪಾರ್ಕಿನ್ಸನ್ ರೋಗಿ ಫ್ಲೂ ಬಾರದಿರಲೆಂದು ನುಂಗಿದಾಗ ಬಿಗಿತ ಕಡಿಮೆಯಾದದ್ದರಿಂದ ಇದರ ಗುಣ ಗೊತ್ತಾಯಿತು. ಕುಣಿತವನ್ನು ಇಳಿಸಲು ಇಂದಿಗೂ ಅದೇ ಮುಖ್ಯ ಆಸರೆ. ತಾತನ ಕುಣಿತ ಪೂರ್ತಿ ಹೋಗಿಲ್ಲ. ಗ್ರಾಫಿನಲ್ಲಿ ಪ್ಲಸ್ 2 ಇದ್ದದ್ದು ಪ್ಲಸ್ 1ಕ್ಕೆ ಬಂದಿದೆ. ಅವರ ಮಾತಲ್ಲಿ ಹೇಳುವುದಾದರೆ, ‘ಕುಣುದ್ರೂ ಪರ್ವಾಗಿಲ್ಲ ಕಣ್ಲಾ, ಎದ್ದು ಓಡಾಡ್ತೀನಲ್ಲ. ಬಿಗುಕೊಂಡು ಕೂರೋದ್ಕಿಂತ ಕುಣಿಯೋದೇ ವಾಸಿ.’ ಅನೇಕ ರೋಗಿಗಳು ಹೀಗೇ ಹೇಳುತ್ತಾರಂತೆ. ಕುಣಿತ ನೋಡಿ ಗಾಬರಿಯಾಗುವವರು ಮನೆಯವರು, ಬಿಗಿತದಿಂದ ನರಳುವವರು ರೋಗಿ. ಮಾತ್ರೆ ನಿಲ್ಲಿಸುವ ತೀರ್ಮಾನ ಮಾತ್ರ ಗಾಬರಿಯಾದವರ ಕೈಯಲ್ಲಿರುತ್ತದೆ.

‘ಈಗಲೇ ಶುರು ಮಾಡಿದರೆ ಮುಂದೆ ಕೆಲಸ ಮಾಡಲ್ಲ, ತಡೆದು ಕೊಡೋಣ’ ಎಂಬ ಮಾತೂ ಬಹಳ ಕಡೆ ಇದೆ. ಆಫ್ರಿಕಾದ ಘಾನಾದಲ್ಲಿ ಮಾತ್ರೆ ಸಿಗದೆ ವರ್ಷಗಟ್ಟಲೆ ತಡವಾಗಿ ಶುರು ಮಾಡಿದವರನ್ನು ಇಟಲಿಯವರೊಂದಿಗೆ ಹೋಲಿಸಿದ ಅಧ್ಯಯನ 2014ರಲ್ಲಿ ಬಂತು. ಕಾಯಿಲೆ ಶುರುವಾಗಿ ಎಷ್ಟು ವರ್ಷಕ್ಕೆ ಕುಣಿತ ಬಂತು ಎಂದು ನೋಡಿದರೆ ಎರಡೂ ಕಡೆ ಹೆಚ್ಚುಕಡಿಮೆ ಒಂದೇ. ತಡ ಮಾಡಿದ್ದರಿಂದ ಅವರು ಗಳಿಸಿದ್ದು ಏನೂ ಇಲ್ಲ, ಕಳೆದುಕೊಂಡದ್ದು ಅಷ್ಟು ವರ್ಷಗಳ ಓಡಾಟ. ಕುಣಿತಕ್ಕೆ ಕಾರಣ ಕಾಯಿಲೆಯ ವಯಸ್ಸು ಮತ್ತು ದೇಹದ ತೂಕಕ್ಕೆ ಹೋಲಿಸಿದ ಮಾತ್ರೆಯ ಪ್ರಮಾಣ.

ರಕ್ತ ಪರೀಕ್ಷೆಯಲ್ಲಿ ಇನ್ನೊಂದು ಹೆಸರು

ಲೆವೊಡೋಪಾವನ್ನು ದೇಹ ಒಡೆಯುವಾಗ ಒಂದು ಮೀಥೈಲ್ ಗುಂಪು ಖರ್ಚಾಗುತ್ತದೆ. ಆ ಖರ್ಚಿನ ಕಸವಾಗಿ ಹೋಮೋಸಿಸ್ಟೀನ್ ಉಳಿಯುತ್ತದೆ. ಅದನ್ನು ಗುಡಿಸಲು ಬಿ12 ಮತ್ತು ಫೋಲೇಟ್ ಬೇಕು. ವರ್ಷಗಟ್ಟಲೆ ಮಾತ್ರೆ ನುಂಗಿದವರಲ್ಲಿ ಹೋಮೋಸಿಸ್ಟೀನ್ ಏರಬಹುದು, ಬಿ12 ಕಡಿಮೆಯಿದ್ದರೆ ಇನ್ನೂ ಹೆಚ್ಚು. ಪಾದ ಜುಮುಜುಮು ಎನ್ನುವುದು, ಮರಗಟ್ಟುವುದು ಇದರಿಂದಲೂ ಇರಬಹುದು. ಮಾಂಸ, ಮೊಟ್ಟೆ ಮುಟ್ಟದ ಮನೆಗಳಲ್ಲಿ ಬಿ12 ಕೊರತೆ ಸಾಮಾನ್ಯ, ಹಾಗಾಗಿ ಕೇಳಿ ಪರೀಕ್ಷೆ ಮಾಡಿಸುವುದು ಒಳ್ಳೆಯದು. ರಕ್ತಹೀನತೆಗೆ ಕೊಡುವ ಕಬ್ಬಿಣದ ಮಾತ್ರೆ ಲೆವೊಡೋಪಾಕ್ಕೆ ಅಂಟಿಕೊಂಡು ರಕ್ತ ಸೇರದಂತೆ ಮಾಡುತ್ತದೆ. ಎರಡನ್ನೂ ಒಟ್ಟಿಗೆ ನುಂಗಿಸಬಾರದು.

ಅದಕ್ಕಿಂತ ಮುಖ್ಯವಾದದ್ದು ಒಂದಿದೆ, ಪಾರ್ಕಿನ್ಸನ್ ಇರುವ ಮನೆಯವರು ಇದನ್ನು ಕತ್ತರಿಸಿ ಇಟ್ಟುಕೊಳ್ಳಬಹುದು. ವಾಂತಿಗೆ ಕೊಡುವ ಮೆಟೊಕ್ಲೋಪ್ರಮೈಡ್, ತಲೆಸುತ್ತಿಗೆ ಕೊಡುವ ಸಿನ್ನರಿಜಿನ್, ಮನಸ್ಸಿನ ಕಾಯಿಲೆಗೆ ಕೊಡುವ ಹ್ಯಾಲೊಪೆರಿಡಾಲ್ ಮಿದುಳಿನಲ್ಲಿ ಡೋಪಮೈನಿನ ಬಾಗಿಲನ್ನೇ ಮುಚ್ಚುತ್ತವೆ. ಒಂದು ಕಡೆ ಲೆವೊಡೋಪಾ ಸುರಿದು ಇನ್ನೊಂದು ಕಡೆ ಬಾಗಿಲು ಹಾಕಿದಂತೆ. ಆಸ್ಪತ್ರೆಗೆ ಹೋಗುವ ಮೊದಲು ತಾತನಿಗೆ ತಲೆಸುತ್ತೆಂದು ಮೆಡಿಕಲ್ ಸ್ಟೋರಿನಲ್ಲಿ ಚೀಟಿ ಇಲ್ಲದೆ ಕೊಟ್ಟಿದ್ದ ಮಾತ್ರೆಯ ಖಾಲಿ ಪಟ್ಟಿ ಆಮೇಲೆ ಗೂಡಿನಲ್ಲಿ ಸಿಕ್ಕಿತು. ಅದರ ಮೇಲಿದ್ದ ಹೆಸರು ಸಿನ್ನರಿಜಿನ್.

ಏರಿಳಿತವನ್ನೇ ಇಲ್ಲವಾಗಿಸುವ ದಾರಿಗಳೂ ಬಂದಿವೆ. ಚರ್ಮದ ಅಡಿಯಲ್ಲಿ ಇಡೀ ದಿನ ಔಷಧ ಹರಿಸುವ ಪಂಪಿಗೆ ಅಮೆರಿಕ 2024ರ ಅಕ್ಟೋಬರಿನಲ್ಲಿ ಒಪ್ಪಿಗೆ ಕೊಟ್ಟಿತು. ಮಿದುಳಿಗೆ ಸಣ್ಣ ತಂತಿ ಇಳಿಸಿ ವಿದ್ಯುತ್ ಮಿಡಿತ ಕೊಡುವ ಶಸ್ತ್ರಚಿಕಿತ್ಸೆ 1987ರಿಂದ ಇದೆ, ಬೆಂಗಳೂರಿನಲ್ಲೂ ಮಾಡುತ್ತಾರೆ. ಖರ್ಚು ನಮ್ಮಂಥ ಮನೆಗಳ ಅಳತೆಯದಲ್ಲ. ನಮ್ಮ ಅಳತೆಯಲ್ಲಿ ಸಿಗುವುದು ಗಡಿಯಾರ, ಗ್ರಾಫ್ ಹಾಳೆ ಮತ್ತು ಕೆಲವು ನೂರು ರೂಪಾಯಿಯ ಸೆನ್ಸಾರ್. ಪಾರ್ಕಿನ್ಸನ್ ನಡುಕ ಸೆಕೆಂಡಿಗೆ ನಾಲ್ಕರಿಂದ ಆರು ಬಾರಿ, ಗಡಿಯಾರದಷ್ಟು ಕ್ರಮಬದ್ಧ. ಕುಣಿತಕ್ಕೆ ಅಂಥ ಕ್ರಮವಿಲ್ಲ. ಮಣಿಕಟ್ಟಿಗೆ ಆಕ್ಸೆಲರೋಮೀಟರ್ ಕಟ್ಟಿ ಎರಡನ್ನೂ ಬೇರ್ಪಡಿಸಿ ಬರೆದುಕೊಳ್ಳುವ ಪಟ್ಟಿಯೊಂದನ್ನು ನಾವು ಮೂವರು ಗೆಳೆಯರು ಮಿನಿ ಪ್ರಾಜೆಕ್ಟಿಗೆ ಆರಿಸಿಕೊಂಡಿದ್ದೇವೆ. ಹೊಸದೇನಲ್ಲ, ಹೊರದೇಶದಲ್ಲಿ ಇಂಥವು ಮಾರಾಟಕ್ಕೇ ಇವೆ. ನಮ್ಮದು ಸದ್ಯಕ್ಕೆ ತಾತ ಮಜ್ಜಿಗೆ ಕಡೆಯುವುದನ್ನೂ ನಡುಕ ಎಂದೇ ಬರೆಯುತ್ತಿದೆ.

ಮುಂದಿನ ತಿಂಗಳು ಮತ್ತೆ ಬೆಂಗಳೂರಿಗೆ ಹೋಗಬೇಕು. ಈ ಸಲದ ಚೀಲದಲ್ಲಿ ಹದಿನೈದು ದಿನದ ಹೊಸ ಗ್ರಾಫ್, ಬಿ12 ವರದಿ, ಮತ್ತು ಅಜ್ಜಿ ಸ್ವತಃ ಬರೆಸಿದ ಒಂದು ಪಟ್ಟಿ ಇರುತ್ತದೆ. ತಾತ ಬಾಯಿಗೆ ಹಾಕಿಕೊಳ್ಳುವ ಎಲ್ಲದರ ಪಟ್ಟಿ ಅದು, ಕಷಾಯ ಮತ್ತು ಎಲೆ ಅಡಿಕೆ ಸಮೇತ.